ಕೊಡಗಿನ ಮಡಕೆಗಳ ಮೇಲಿನ ಗೀರು

ಮಣ್ಣಿನ ಪಾತ್ರೆಯ ಮೈಮೇಲೆ ಗೆರೆ ಕೊರೆಯುವ ಕೆಲಸ ಕರ್ನಾಟಕದಲ್ಲಿ ಬಹಳ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ, ಕಲ್ಲುಕೊಡಲಿ ಬಳಸುತ್ತಿದ್ದ ಜನರ ಕಾಲದ ಪದರಗಳಲ್ಲಿ ಕೈಯಿಂದಲೇ ತಿದ್ದಿದ ಒರಟು ಬೂದು ಮಡಕೆಗಳು ಸಿಕ್ಕವು. ಅವುಗಳ ನಡುವೆ ಗೀರು ಹಾಕಿದ ಚೂರುಗಳೂ ಇದ್ದವು.

ಕೊರೆತದ ಗುಟ್ಟೆಲ್ಲ ಮಣ್ಣಿನ ತೇವದಲ್ಲಿದೆ. ತೀರ ಹಸಿಯಾಗಿದ್ದಾಗ ಕಡ್ಡಿ ಎಳೆದರೆ ಗೆರೆಯ ಎರಡೂ ಅಂಚಿನಲ್ಲಿ ಮಣ್ಣು ಉಬ್ಬಿ ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲೆ ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಬೆರಳೊತ್ತಿದರೆ ತಗ್ಗು ಬೀಳದ, ಉಗುರು ಎಳೆದರೆ ಮಾತ್ರ ಗುರುತು ಮೂಡುವ ಅರೆ ಒಣಗಿನ ಹೊತ್ತೇ ಸರಿಯಾದ ಹೊತ್ತು. ಆಗ ಗೆರೆ ಚೊಕ್ಕವಾಗಿ ಕತ್ತರಿಸಿ ಬರುತ್ತದೆ. ಮಳೆಗಾಲದುದ್ದಕ್ಕೂ ಗಾಳಿಯೇ ನೆನೆದಿರುವ ಮಡಿಕೇರಿಯಂಥ ಕಡೆ ಆ ಹೊತ್ತು ಬರುವುದೇ ನಿಧಾನ. ಸುಟ್ಟ ಮೇಲೆಯೂ ಗೀಚಬಹುದು; ಆದರೆ ಆಗ ನಯವಾದ ಮೇಲ್ಮೈ ಕಿತ್ತು ಒಳಗಿನ ಒರಟು ಮಣ್ಣು ಕಾಣುತ್ತದೆ. ಯಾವ ಗೀರು ಬೆಂಕಿಗೆ ಮುಂಚಿನದು, ಯಾವುದು ನಂತರದ್ದು ಎಂದು ಪುರಾತತ್ವಜ್ಞರು ಗುರುತಿಸುವುದು ಹೀಗೆ.

ಕೊಡಗಿನ ಅತಿ ಹಳೆಯ ಮಡಕೆಗಳು ಬಂದಿರುವುದು ಕಲ್ಗೋರಿಗಳಿಂದ, ಅಂದರೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ಪುರಾತನ ಸಮಾಧಿಗಳಿಂದ. 1868ರಲ್ಲಿ ವಿರಾಜಪೇಟೆಯ ಬಳಿ ಲೆಫ್ಟಿನೆಂಟ್ ಮೆಕೆಂಜಿ ಈ ಗೋರಿಗಳನ್ನು ಗುರುತಿಸಿದರು. ಊರವರು ಅವನ್ನು ಪಾಂಡವರ ಹೆಸರಿನಲ್ಲಿ ಪಾಂಡುಪಾರೆ ಎನ್ನುತ್ತಿದ್ದರು. ಸೋಮವಾರಪೇಟೆ ಸಮೀಪದ ದೊಡ್ಡಮಳ್ತೆಯ ಮೋರಿಬೆಟ್ಟದಲ್ಲೂ ಇಂಥ ಗೋರಿಗಳಿವೆ. ದಕ್ಷಿಣದ ಕಲ್ಗೋರಿಗಳಲ್ಲಿ ಮೂಳೆ, ಕಬ್ಬಿಣದ ಆಯುಧ, ಮಣಿಗಳ ಜೊತೆ ಸಿಗುವ ಕಪ್ಪು–ಕೆಂಪು ಪಾತ್ರೆಗಳ ಅಂದವಿರುವುದು ಅವುಗಳ ಹೊಳಪಿನಲ್ಲಿ. ಅವನ್ನು ಬೋರಲು ಹಾಕಿ ಸುಟ್ಟಿದ್ದರಿಂದ ಒಳಗು ಮತ್ತು ಬಾಯಂಚು ಕಪ್ಪಾಗಿ, ಹೊರಮೈ ಕೆಂಪಾಗಿ ಉಳಿಯಿತೆಂಬುದು ಬಹುಕಾಲದಿಂದ ಒಪ್ಪಿಕೊಂಡ ವಿವರಣೆ. ಕೆಲವು ಪಾತ್ರೆಗಳ ಮೇಲೆ ಏಣಿ, ಬಾಣ, ಅಡ್ಡಗೆರೆಗಳಂಥ ಗುರುತುಗಳಿವೆ, ಹೆಚ್ಚಿನವು ಸುಟ್ಟ ಮೇಲೆ ಗೀಚಿದವು. 1960ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಈ ಗುರುತುಗಳನ್ನು ಹರಪ್ಪಾ ಲಿಪಿಯ ಚಿಹ್ನೆಗಳೊಂದಿಗೆ ಹೋಲಿಸಿದರು. ಅವುಗಳ ಅರ್ಥ ಇನ್ನೂ ಬಿಡಿಸಿಲ್ಲ. ಆದರೂ ಸುಟ್ಟ ಪಾತ್ರೆಯನ್ನು ಮತ್ತೆ ಕೈಗೆತ್ತಿಕೊಂಡು ಕೊರೆದಿರುವುದನ್ನು ನೋಡಿದರೆ, ಅಲಂಕಾರಕ್ಕಿಂತ ಗುರುತೇ ಮುಖ್ಯವಾಗಿತ್ತು ಎನ್ನಲು ಅಡ್ಡಿಯಿಲ್ಲ.

ನಂತರದ ಕಾಲದಲ್ಲಿ ಕೊಡಗಿನ ಮಡಕೆ ಕೆಲಸ ಕುಂಬಾರರಾದ ಕೋಯವ ಸಮುದಾಯದ್ದಾಗಿತ್ತು. ಅಡುಗೆಯ ಮಡಕೆ, ಕಾಚಂಪುಳಿ (ಹಣ್ಣಿನ ರಸದಿಂದ ಮಾಡುವ ಕೊಡಗಿನ ಗಟ್ಟಿ ಹುಳಿ) ಕಾಯಿಸುವ ಪಾತ್ರೆಗಳಿಗೆ ಕೊರೆತ ಬೇಕಿರಲಿಲ್ಲ. ಕೈಚಳಕ ಕಾಣುವುದು ಹರಕೆಯ ಮಣ್ಣಿನ ನಾಯಿಗಳಲ್ಲಿ. ಬೇಟೆಯ ದೇವರಾದ ಅಯ್ಯಪ್ಪನ ದೇವರಕಾಡುಗಳಲ್ಲಿ ಇವು ಸಾಲುಸಾಲಾಗಿ ನಿಂತಿವೆ. ಇಂಥ ಗೊಂಬೆಗಳಿಗೆ ಮೈಯನ್ನು ಕೈಯಿಂದ ತಿದ್ದಿ, ಕಣ್ಣು ಬಾಯಿ ಮೂಡಿಸಲು ಒಂದು ಚೂಪು ಕಡ್ಡಿ ಸಾಕು.

ಕಾಫಿ ತೋಟದಲ್ಲಿ ಗುಂಡಿ ತೆಗೆಯುವಾಗ ಹಳೆಯ ಮಡಕೆಯ ಚೂರು ಸಿಕ್ಕರೆ ಅದನ್ನು ಉಜ್ಜಿ ತೊಳೆಯಬಾರದು, ಸಿಕ್ಕ ಜಾಗವನ್ನು ಮತ್ತೆ ಅಗೆಯಲೂಬಾರದು. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸುದ್ದಿ ಮುಟ್ಟಿಸಬೇಕು.