ಸೌರ ಡೈನಮೊ
ಪ್ಲಾಸ್ಮಾದ ಚಲನೆಯಿಂದ ಸೂರ್ಯನ ಕಾಂತಕ್ಷೇತ್ರ ಹುಟ್ಟಿ ಉಳಿದುಬರುವ ಪ್ರಕ್ರಿಯೆ. ಸೂರ್ಯನ ಸಮಭಾಜಕ ಭಾಗ ಸುಮಾರು 25 ದಿನಕ್ಕೊಂದು ಸುತ್ತು ತಿರುಗಿದರೆ, ಧ್ರುವಗಳ ಬಳಿ ಇನ್ನೂ ಹತ್ತು ದಿನ ಹೆಚ್ಚು ಬೇಕು. ಈ ವ್ಯತ್ಯಾಸದಿಂದ ಉತ್ತರ–ದಕ್ಷಿಣ ಬಲರೇಖೆಗಳು ಪೂರ್ವ–ಪಶ್ಚಿಮವಾಗಿ ಎಳೆಯಲ್ಪಟ್ಟು ಬಲಗೊಳ್ಳುತ್ತವೆ. ಮೇಲ್ಮೈಗೆ ತೇಲಿಬಂದಲ್ಲಿ ಜೋಡಿ ಸೌರಕಲೆಗಳಾಗಿ ಕಾಣುತ್ತವೆ. ಜೋಡಿಗಳು ತುಸು ಓರೆಯಾಗಿರುತ್ತವೆ, ಸಿದ್ಧಾಂತದ ಮರ್ಮವೆಲ್ಲ ಈ ಓರೆಯಲ್ಲಿದೆ: ಅದರಿಂದ ಜೋಡಿಯ ಒಂದು ಕಲೆ ಧ್ರುವಕ್ಕೆ ಹೆಚ್ಚು ಹತ್ತಿರವಿರುತ್ತದೆ. ಕಲೆಗಳು ಕರಗಿ ಚದುರಿದ ಕಾಂತತ್ವವನ್ನು ಧ್ರುವದತ್ತ ಸಾಗುವ ಪ್ರವಾಹವು ಒಯ್ದು, ಹಳೆಯ ಕ್ಷೇತ್ರವನ್ನು ಅಳಿಸಿ ವಿರುದ್ಧ ದಿಕ್ಕಿನದನ್ನು ಕಟ್ಟುತ್ತದೆ. ಸುಮಾರು 11 ವರ್ಷಕ್ಕೊಮ್ಮೆ ಧ್ರುವಗಳು ಅದಲುಬದಲಾಗುತ್ತವೆ. ಪೂರ್ಣ ಆವರ್ತನೆಗೆ 22 ವರ್ಷ. ಧ್ರುವದತ್ತ ಸಾಗುವ ಈ ಪ್ರವಾಹವನ್ನು ಒಳಗೊಂಡ ಮಾದರಿಯನ್ನು 1995ರಲ್ಲಿ ಮಂಡಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರ್ಣಬ್ ರಾಯ್ ಚೌಧುರಿ ಒಬ್ಬರು. 24ನೆಯ ಸೌರಚಕ್ರ (ಸುಮಾರು 11 ವರ್ಷದ ಅವಧಿ) ದುರ್ಬಲವಾಗುವುದೆಂದು ಅವರ ತಂಡ 2007ರಲ್ಲಿ ಲೆಕ್ಕಹಾಕಿತು. 2014ರಲ್ಲಿ ಗರಿಷ್ಠಕ್ಕೇರಿದ ಆ ಚಕ್ರ ಹಿಂದಿನದಕ್ಕಿಂತ ದುರ್ಬಲವೇ ಆಗಿತ್ತು.