ಬಗ್ಗಿಸಿದ ತಗಡಿನ ಲೆಕ್ಕ

ಒಂದು ಹಾಳೆಯನ್ನ ಎರಡು ಪುಸ್ತಕಗಳ ನಡುವೆ ಸೇತುವೆ ಥರ ಇಟ್ಟು, ಮೇಲೆ ಮೊಬೈಲ್ ಇಡಿ. ಕುಸಿಯುತ್ತೆ. ಅದೇ ಹಾಳೆಯನ್ನ ಬೀಸಣಿಗೆ ಥರ ಮಡಚಿ ಇಡಿ. ಮೊಬೈಲ್ ನಿಲ್ಲುತ್ತೆ.

ಇದೇ ಉಪಾಯವನ್ನು ಕಬ್ಬಿಣದ ತಗಡಿಗೆ ತಂದವರು ಲಂಡನ್ ಡಾಕ್ ಕಂಪನಿಯ ಇಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್. ಅಲೆಅಲೆಯಾಗಿ ಬಗ್ಗಿಸಿದ ತಗಡಿಗೆ 1829ರಲ್ಲಿ ಪೇಟೆಂಟ್ ಪಡೆದರು. ಅದು ಮೊದಲು ಏರಿದ್ದು ಬಂದರಿನ ಸರಕಿನ ಶೆಡ್ ಮೇಲೆ.

ಬಿ.ಕಾಂ. ಓದಿದ ನನಗೆ ಇಲ್ಲಿ ಕಾಣೋದು ಲೆಕ್ಕ. ತಗಡಿನ ದಪ್ಪ ಅಷ್ಟೇ ಇದೆ. ಆದರೆ ಅಲೆಯ ಎತ್ತರವೇ ದಪ್ಪದ ಕೆಲಸ ಮಾಡುತ್ತೆ, ಅಲೆ ಓಡೋ ಉದ್ದಕ್ಕೆ ತಗಡು ಸುಲಭವಾಗಿ ಬಾಗಲ್ಲ. ಕೆಳಗೆ ತೊಲೆ ಕಡಿಮೆ ಸಾಕು, ಖರ್ಚೂ ಕಡಿಮೆ.

ಉಳಿದಿದ್ದು ತುಕ್ಕು. ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದೋ ವಿಧಾನಕ್ಕೆ 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಪೇಟೆಂಟ್ ಪಡೆದರು. ಅಲೆಗೆ ಸತು ಸೇರಿತು, ತಗಡು ಹಡಗು ಹತ್ತಿತು. 1850ರ ದಶಕದಲ್ಲಿ, ಆಸ್ಟ್ರೇಲಿಯಾಕ್ಕೆ ಚಿನ್ನ ಹುಡುಕಿ ಜನ ನುಗ್ಗಿದಾಗ, ಬ್ರಿಟನ್‌ನಿಂದ ಬಿಡಿಭಾಗಗಳಾಗಿ ಹೋದ ಕೆಲವು ಕಬ್ಬಿಣದ ಮನೆಗಳು ಮೆಲ್ಬರ್ನ್‌ನಲ್ಲಿ ಇವತ್ತಿಗೂ ನಿಂತಿವೆ.

ನಮ್ಮಲ್ಲಿ ಇದಕ್ಕೆ ಜಿಂಕ್ ಶೀಟ್ ಅಂತೀವಿ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಕಟ್ಟೋ ಎಷ್ಟೋ ಕಾರ್ಮಿಕರು ಮಲಗೋದು ಇದರ ಕೆಳಗೇ. ಬಗ್ಗಿಸಿದ್ರೆ ತಗಡು ಭಾರ ತಡೆಯುತ್ತೆ, ಬಿಸಿಲು ತಡೆಯಲ್ಲ. ಸರಕಿಗೆ ಅಂತ ಹುಟ್ಟಿದ ಸೂರಿನಡಿ ಏಪ್ರಿಲ್ ತಿಂಗಳಲ್ಲಿ ಮನುಷ್ಯರು ಬೇಯ್ತಾರೆ. ಉಳಿತಾಯದ ಲೆಕ್ಕ ಬರೆಯುವಾಗ ಈ ಖರ್ಚನ್ನೂ ಬರೀಬೇಕು ಅನ್ನೋದು ನನ್ನ ಮಾತು.