ಚರ್ಮ ತೆಗೆದ ಜಾಗದ ನೋವು: ಸ್ಪ್ರೇವರೆಗಿನ ದಾರಿ

ಚರ್ಮಕಸಿ ಮಾಡಿಸಿಕೊಂಡವರನ್ನು ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಮಾತಾಡಿಸಿ ನೋಡಿ. ಕೂಡ್ಲಿಗಿಯವರಾಗಲಿ ಹಡಗಲಿಯವರಾಗಲಿ, ಹೇಳುವುದು ಹೆಚ್ಚುಕಡಿಮೆ ಒಂದೇ: "ಹಚ್ಚಿದ ಜಾಗ ಏನೂ ಇಲ್ಲರೀ, ತಗದ ಜಾಗನ ಉರಿಯಾಕತ್ತೈತಿ." ರೌಂಡ್ಸಿಗೆ ಬಂದ ಶಸ್ತ್ರವೈದ್ಯರು ಬಿಚ್ಚಿ ನೋಡುವುದು ಹಚ್ಚಿದ ಜಾಗವನ್ನು, ಕಸಿ ಹಿಡಿಯಿತೋ ಇಲ್ಲವೋ ಎಂದು. ಚರ್ಮ ಕೊಟ್ಟ ತೊಡೆ ತಾನಾಗಿಯೇ ಮಾಯುತ್ತದೆ ಎಂಬ ನಂಬಿಕೆಯಲ್ಲಿ ಯಾರೂ ಅದರ ಕಡೆ ತಿರುಗುವುದಿಲ್ಲ. ಮಾಯುವುದೇನೋ ನಿಜ, ಸಾಮಾನ್ಯವಾಗಿ ಎರಡು ವಾರಗಳ ಆಸುಪಾಸಿನಲ್ಲಿ. ಆ ಎರಡು ವಾರಗಳ ಲೆಕ್ಕ ಯಾರ ಕೇಸ್ ಶೀಟಿನಲ್ಲೂ ಇರುವುದಿಲ್ಲ.

ಈಚೆಗೆ ವೈದ್ಯರ ಸಮ್ಮೇಳನಗಳಲ್ಲಿ ಈ ತೊಡೆಗೆ ಸ್ವಲ್ಪ ಮರ್ಯಾದೆ ಬಂದಿದೆ. ಅದು ಬಂದಿರುವುದು ಎರಡು ತಪ್ಪು ಮಾತುಗಳ ಹೆಗಲೇರಿ. ದುಬಾರಿ ಡ್ರೆಸಿಂಗ್ ಹಾಕಿದರೆ ನೋವೇ ಇರದು ಎನ್ನುವುದು ಒಂದು. ಅರಿವಳಿಕೆ ಸ್ಪ್ರೇ ಹೊಸ ಪವಾಡ ಎನ್ನುವುದು ಇನ್ನೊಂದು. ಈ ಬರಹಕ್ಕೆ ಕಾರಣ ಆ ಎರಡು ಮಾತುಗಳು.

ಚರಿತ್ರೆ ಹೇಳುವವರೆಲ್ಲ ಸುಶ್ರುತನಿಂದ ಶುರುಮಾಡುತ್ತಾರೆ. ಅಲ್ಲಿಂದ ಟಿಪ್ಪು ಕಾಲದ ಯುದ್ಧದಲ್ಲಿ ಮೂಗು ಕಳೆದುಕೊಂಡ ಬಂಡಿ ಹೊಡೆಯುವ ಕವಾಸ್‌ಜಿಗೆ ಬರುತ್ತಾರೆ. ಪುಣೆಯಲ್ಲಿ ಅವನಿಗೆ ಹೊಸ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೆಮ್ಮೆಯ ಸಂಗತಿಯೇ, ಆದರೆ ನಮ್ಮ ವಿಷಯವಲ್ಲ. ಅಲ್ಲಿ ಹಣೆಯ ಚರ್ಮವನ್ನು ರಕ್ತನಾಳದ ಸಮೇತ ತಿರುಗಿಸಿ ಕೂರಿಸಿದ್ದರು. ಚರ್ಮವನ್ನು ಪೂರ್ತಿ ಬೇರ್ಪಡಿಸಿ ಇನ್ನೊಂದೆಡೆ ಹಚ್ಚುವ ಕ್ರಮ 1869ರಲ್ಲಿ ಪ್ಯಾರಿಸ್ಸಿನಲ್ಲಿ ರೆವರ್ಡಿನ್ ಚೂರು ಚೂರು ಚರ್ಮ ಇಟ್ಟು ನೋಡಿದ್ದರಿಂದ ನೆಲೆಯೂರಿತು. ತೆಳುವಾದ ಹಾಳೆಯಂತೆ ಚರ್ಮ ತೆಗೆಯುವ ರೂಢಿ ಜರ್ಮನಿಯ ಥಿಯರ್ಶ್ ಹೆಸರಿನಲ್ಲಿ ಬೆಳೆಯಿತು. ಆಮೇಲೆ ಹಂಬಿ ಚಾಕು, 1939ರಲ್ಲಿ ಪ್ಯಾಜೆಟ್ಟನ ಡರ್ಮಟೋಮ್, 1964ರಲ್ಲಿ ಟ್ಯಾನರ್ ತಂದ ಜಾಲರಿ ಯಂತ್ರ. ನನ್ನ ಮಟ್ಟಿಗೆ ನೋವಿನ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ ಈ ಜಾಲರಿಯದು. ತೆಗೆದ ಚರ್ಮಕ್ಕೆ ಸಣ್ಣ ಸೀಳುಗಳನ್ನು ಹಾಕಿ ಹಿಗ್ಗಿಸಿದರೆ ಅರ್ಧ ಚರ್ಮದಲ್ಲಿ ಕೆಲಸ ಮುಗಿಯುತ್ತದೆ. ತೊಡೆಯ ಗಾಯವೂ ಅರ್ಧವಾಗುತ್ತದೆ. ನೋವಿನ ಔಷಧಿಯ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ!

ಉರಿ ಯಾಕೆ ಇಷ್ಟು? ಸುಟ್ಟ ಗಾಯ ಆಳವಾಗಿದ್ದರೆ ಅಲ್ಲಿಯ ನರದ ತುದಿಗಳೂ ಸುಟ್ಟಿರುತ್ತವೆ. ತೊಡೆಯಲ್ಲಿ ಹಾಗಲ್ಲ. ಚಾಕು ಮೇಲ್ಪದರವನ್ನೂ ಒಳಪದರದ ಒಂದಿಷ್ಟು ಭಾಗವನ್ನೂ ಮಾತ್ರ ಎತ್ತಿಕೊಂಡು ಹೋಗುತ್ತದೆ. ಕೆಳಗೆ ಉಳಿದ ನರದ ತುದಿಗಳೆಲ್ಲ ಜೀವಂತವಾಗಿ ಗಾಳಿಗೆ ತೆರೆದುಕೊಳ್ಳುತ್ತವೆ. ಸಾಮಾನ್ಯವಾಗಿ ಕಾಲಿನ ಕಸಿಗೆ ಬೆನ್ನಿಗೆ ಸೂಜಿ ಕೊಟ್ಟು ಮರಗಟ್ಟಿಸುತ್ತಾರೆ. ಎರಡು ಮೂರು ತಾಸಿನಲ್ಲಿ ಅದು ಇಳಿಯುತ್ತದೆ. ಮಧ್ಯಾಹ್ನ ಶಸ್ತ್ರಕ್ರಿಯೆಯಾದರೆ ಉರಿ ಏಳುವುದು ಸಂಜೆ, ಡಾಕ್ಟರು ಮನೆಗೆ ಹೋದ ಮೇಲೆ. ಎರಡನೆಯ ಸುತ್ತು ನಡೆದಾಡುವಾಗ, ಬಟ್ಟೆ ತಾಗಿದಾಗ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಒಣಗಿ ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆಯುವಾಗ. ಸ್ಪ್ರೇ ಬಗ್ಗೆ ಮಾತಾಡುವವರು ಇದರಲ್ಲಿ ಯಾವ ನೋವಿಗೆ ಎಂದು ಮೊದಲು ಹೇಳಬೇಕು.

ಮೈಮೇಲೆ ಹಚ್ಚಿ ಮರಗಟ್ಟಿಸುವ ವಿದ್ಯೆ 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿದಾಗಿನದು. ಸ್ವೀಡನ್ನಿನ ಲೋಫ್‌ಗ್ರೆನ್ 1943ರಲ್ಲಿ ಲಿಗ್ನೋಕೇನ್ ಕಂಡುಹಿಡಿದ. 1948ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ಬುಪಿವಕೇನ್ 1957ರಲ್ಲಿ ತಯಾರಾಯಿತು. 1980ರ ದಶಕದಲ್ಲಿ ಸ್ವೀಡನ್ನಿನಿಂದಲೇ ಎಮ್ಲಾ ಕ್ರೀಮ್ ಬಂತು. ಲಿಗ್ನೋಕೇನ್ ಮತ್ತು ಪ್ರೈಲೋಕೇನ್ ಬೆರೆಸಿದ ಈ ಕ್ರೀಮನ್ನು ತೊಡೆಗೆ ದಪ್ಪಗೆ ಹಚ್ಚಿ ಮುಚ್ಚಿ, ಎರಡು ತಾಸು ಕಾದರೆ ಸೂಜಿಯಿಲ್ಲದೆ ಚರ್ಮ ತೆಗೆಯಬಹುದು. ಚೊಕ್ಕ ವಿಧಾನ. ಆದರೆ ಅದು ಚರ್ಮ ಇರುವಾಗಿನ ಮಾತು. ತೆಗೆದ ಮೇಲಿನ ಹಸಿಗಾಯಕ್ಕೆ ಆ ಕ್ರೀಮ್ ಅಲ್ಲ.

ಹಸಿಗಾಯದ ನೋವಿಗೆ ನಮ್ಮ ತಲೆಮಾರಿನವರು ಹಿಡಿದ ದಾರಿ ಸರಳ. ರಕ್ತ ನಿಲ್ಲಿಸಲು ಅಡ್ರಿನಲಿನ್ ಬೆರೆಸಿದ ಸಲೈನಿನಲ್ಲಿ ಅದ್ದಿದ ಬಟ್ಟೆಯನ್ನು ತೊಡೆಯ ಮೇಲೆ ಇಡುವುದು ಹಳೆಯ ರೂಢಿ. ಅದೇ ದ್ರಾವಣಕ್ಕೆ ಬುಪಿವಕೇನ್ ಸೇರಿಸಿದರಾಯಿತು. ಕೆಲವರು ಸಿರಿಂಜಿನಿಂದ ತೊಟ್ಟಿಕ್ಕಿಸಿದರು, ಕೆಲವರು ಸಿಂಪಡಿಸಿದರು. ಮೊದಲ ರಾತ್ರಿಯ ಉರಿ ಇಳಿಯಿತು, ನೋವಿನ ಇಂಜೆಕ್ಷನ್ ಕಡಿಮೆ ಬೇಕಾಯಿತು. ಹೀಗೆಂದು ಬಂದ ಪ್ರಬಂಧಗಳಲ್ಲಿ ಬಹುಪಾಲು ಚಿಕ್ಕವು, ಒಬ್ಬೊಬ್ಬರದು ಒಂದೊಂದು ಪ್ರಮಾಣ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ತೂಗಲು ಬರುವುದಿಲ್ಲ. ಆದರೂ ದಿಕ್ಕು ಒಂದೇ: ಗಾಯದ ಮೇಲೆ ಬಿದ್ದ ಅರಿವಳಿಕೆ ಕೆಲಸ ಮಾಡುತ್ತದೆ, ಕೆಲವು ತಾಸು ಮಾತ್ರ.

ಈಗ ಶೇಕಡಾ 10ರ ಲಿಗ್ನೋಕೇನ್ ಸ್ಪ್ರೇ. ಬಾಯಿ, ಗಂಟಲು ಮರಗಟ್ಟಿಸಲೆಂದು ಮಾಡಿದ ಈ ಬಾಟಲಿ ಅರಿವಳಿಕೆ ಕೊಡುವ ಕಡೆಯೆಲ್ಲ ಇರುತ್ತದೆ, ಹೊಸತೇನಲ್ಲ. ಒಂದು ಸಲ ಒತ್ತಿದರೆ 10 ಮಿಲಿಗ್ರಾಂ ಬೀಳುತ್ತದೆ. ಅಡ್ರಿನಲಿನ್ ಇಲ್ಲದ ಲಿಗ್ನೋಕೇನಿಗೆ ನಾವು ಪಾಲಿಸುವ ಮಿತಿ ಪ್ರತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ. 50 ಕಿಲೋ ಹೆಂಗಸಿಗೆ 150 ಮಿಲಿಗ್ರಾಂ, ಅಂದರೆ ಹದಿನೈದು ಒತ್ತು. 12 ಕಿಲೋದ ಮಗುವಿಗೆ 36, ಅಂದರೆ ಮೂರೇ ಒತ್ತು. ಚರ್ಮವಿಲ್ಲದ ಜಾಗ ಔಷಧಿಯನ್ನು ಬೇಗ ಹೀರಿಕೊಳ್ಳುವುದರಿಂದ ಮಿತಿಯ ತುದಿಯವರೆಗೆ ಹೋಗುವುದೂ ಜಾಣತನವಲ್ಲ. ಮಿತಿ ಮೀರಿದರೆ ಮೊದಲು ತುಟಿಯ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್ ಸದ್ದು, ಆಮೇಲೆ ಫಿಟ್ಸ್, ಹೃದಯದ ತಾಳ ತಪ್ಪುವುದು. ಎರಡೂ ತೊಡೆಯಿಂದ ಚರ್ಮ ತೆಗೆದ ಸುಟ್ಟಗಾಯದ ರೋಗಿಗೆ "ಇನ್ನೊಂಚೂರು ಹೊಡಿ" ಎಂದು ಹೇಳುವವರು ಈ ಲೆಕ್ಕ ಮಾಡಿರುವುದಿಲ್ಲ. ಇನ್ನೊಂದು ತೊಡಕೂ ಇದೆ. ಸ್ಪ್ರೇಯಲ್ಲಿ ಆಲ್ಕೋಹಾಲ್ ಇರುವುದರಿಂದ ಎಚ್ಚರವಿರುವ ರೋಗಿಯ ಹಸಿಗಾಯಕ್ಕೆ ಹೊಡೆದರೆ ಮರಗಟ್ಟುವ ಮೊದಲು ಜೀವ ಹೋಗುವಷ್ಟು ಉರಿಯುತ್ತದೆ. ಬಾಟಲಿಯ ಸ್ಪ್ರೇ ಬಳಸುವುದೇ ಆದರೆ ಬೆನ್ನಿನ ಅರಿವಳಿಕೆ ಇಳಿಯುವ ಮೊದಲೇ, ಥಿಯೇಟರಿನಲ್ಲೇ. ಡ್ರೆಸಿಂಗ್ ಬಿಚ್ಚುವಾಗ ನಾನು ನೆಚ್ಚುವುದು ಇಂಜೆಕ್ಷನ್ನಿನ ಶೇಕಡಾ 2ರ ಸಾದಾ ಲಿಗ್ನೋಕೇನನ್ನು. ಸಲೈನ್ ಬೆರೆಸಿ ಗಾಜ್ ಮೇಲೆ ತೊಟ್ಟಿಕ್ಕಿಸಿ, ಕಾಲು ತಾಸು ಕಾದು, ನೆನೆಸುತ್ತ ಬಿಡಿಸುವುದು. ಅದರಲ್ಲೂ ಲೆಕ್ಕ ಬೇಕು: 30 ಮಿ.ಲೀ. ಸೀಸೆಯೊಂದರಲ್ಲಿ 600 ಮಿಲಿಗ್ರಾಂ ಇರುತ್ತದೆ, 50 ಕಿಲೋದವರಿಗೆ 7.5 ಮಿ.ಲೀ. ದಾಟುವಂತಿಲ್ಲ.

ಅಂಟಿಕೊಳ್ಳದ ಡ್ರೆಸಿಂಗ್ ಇದ್ದರೆ ಈ ಗೋಳು ಅರ್ಧ ತಪ್ಪುತ್ತದೆ ಎನ್ನುವುದು ನಿಜ. ತೇವ ಉಳಿಸಿದ ಗಾಯ ಬೇಗ ಮಾಯುತ್ತದೆಂದು 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ತೋರಿಸಿದ. 2013ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸಿನ ದೊಡ್ಡ ಅಧ್ಯಯನದಲ್ಲಿ 288 ರೋಗಿಗಳ ಮೇಲೆ ಆರು ಬಗೆಯ ಡ್ರೆಸಿಂಗ್ ಹೋಲಿಸಿದರು. ಹೈಡ್ರೋಕೊಲಾಯ್ಡ್ ಹಾಕಿದವರ ಗಾಯ ಸುಮಾರು 16 ದಿನಕ್ಕೆ ಮುಚ್ಚಿತು, ಉಳಿದವರದು 23 ದಿನಕ್ಕೆ. ಬರೀ ಗಾಜ್ ಹಾಕಿದವರಲ್ಲಿ ಸೋಂಕು ಎರಡು ಪಟ್ಟು. ನೋವಿನಲ್ಲಿ ಮಾತ್ರ ಅಂಥ ಅಂತರ ಕಾಣಲಿಲ್ಲ. ಮಾರಾಟಗಾರರು ಈ ಕೊನೆಯ ಸಾಲನ್ನು ಓದಿ ಹೇಳುವುದಿಲ್ಲ.

ನನಗೆ ಹೆಚ್ಚು ಗೌರವ ಇರುವುದು ಮುಂಬೈ ಪಂಥದ ಮೇಲೆ. ಅಲ್ಲಿಯ ಕೇಸ್ವಾನಿ 1980ರ ದಶಕದಲ್ಲಿ ಸುಟ್ಟ ಗಾಯಕ್ಕೆ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಡ್ರೆಸಿಂಗ್ ಮಾಡಿದರು. ಸಯನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಬಾಳೆ ಎಲೆಯನ್ನು ಆಟೋಕ್ಲೇವ್ ಮಾಡಿ ಚರ್ಮ ತೆಗೆದ ಜಾಗಕ್ಕೆ ಹಾಕಿ, 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಎಲೆ ಅಂಟುವುದಿಲ್ಲ, ತೆಗೆಯುವಾಗ ನೋವಿಲ್ಲ, ಖರ್ಚು ಚಿಲ್ಲರೆ. ಹೊಸಪೇಟೆ, ಕಂಪ್ಲಿ ಸುತ್ತಿನ ಕಾಲುವೆ ನೀರಿನಲ್ಲಿ ಬೇಕಾದಷ್ಟು ಬಾಳೆ ಬೆಳೆಯುವ ನಮ್ಮ ಸೀಮೆಯಲ್ಲಿ ಇದರ ಬಗ್ಗೆ ಒಂದು ಉಪನ್ಯಾಸವನ್ನೂ ನಾನು ಕೇಳಿಲ್ಲ. ಎಲೆ ಎಂದರೆ ಹಿಂದುಳಿದದ್ದು ಎನ್ನುವ ಸಂಕೋಚವೇ ಇದಕ್ಕೆ ಕಾರಣವಿರಬೇಕು. ಇತ್ತೀಚಿನ ದೊಡ್ಡ ಊರುಗಳ ಒಲವು ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಯ ಹೊರಮಗ್ಗುಲಿನ ನರಕ್ಕೇ ಮದ್ದು ಕೊಡುವುದರ ಕಡೆ. ಸ್ಪ್ರೇಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಯಂತ್ರವೂ ಕೈಪಳಗಿದ ಅರಿವಳಿಕೆ ತಜ್ಞರೂ ಇರುವಲ್ಲಿ ಅದೇ ಸರಿ.

ಇಲ್ಲದಿರುವಲ್ಲಿ? ಕೂಡ್ಲಿಗಿ, ಅದರಿಂದ ಬೇರೆಯಾದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೇರಿ ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗ. ಈಗ ವಿಜಯನಗರ ಜಿಲ್ಲೆ. ಕಸಿ ಬೇಕಾಗುವ ಗಾಯಗಳು ಇಲ್ಲಿ ಸಾಕಷ್ಟು: ಸೀರೆಗೆ ತಾಗಿದ ಬೆಂಕಿ, ಮಿರ್ಚಿ ಕರಿಯುವ ಬಾಣಲೆಯ ಎಣ್ಣೆ, ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಕೊಳೆತ ಕಾಲು, ಗುಡೇಕೋಟೆ ಕಡೆ ಕರಡಿ ಪರಚಿದ್ದು, ಕೂಡ್ಲಿಗಿ ಮೇಲೆ ಹೋಗುವ ಹೆದ್ದಾರಿಯ ಅಪಘಾತ. ಕಸಿ ಆಗುವುದು ಮಾತ್ರ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯಲ್ಲಿ. ಹಡಗಲಿಯಿಂದ ಬಳ್ಳಾರಿಗೆ ನೂರು ಕಿಲೋಮೀಟರ್ ಮೀರುತ್ತದೆ. ಕಸಿ ಹಿಡಿದಿದೆ ಎಂದು ಖಾತ್ರಿಯಾದ ಕೂಡಲೇ ಊರಿಗೆ ಕಳಿಸುತ್ತಾರೆ, ಮಂಚ ಬೇರೆಯವರಿಗೆ ಬೇಕು. ತೊಡೆಯ ಪಟ್ಟಿ ಬಿಚ್ಚುವ ಕೆಲಸ ತಾಲ್ಲೂಕು ಆಸ್ಪತ್ರೆಯ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರಿಗೆ ಬೀಳುತ್ತದೆ. ನಾನು ಓದಿದ ಪ್ರಬಂಧಗಳೆಲ್ಲ ನೋವನ್ನು ಅಳೆದದ್ದು ಶಸ್ತ್ರಕ್ರಿಯೆಯಾದ ಆಸ್ಪತ್ರೆಯಲ್ಲಿ. ಹಗರಿಬೊಮ್ಮನಹಳ್ಳಿಯ ಡ್ರೆಸಿಂಗ್ ರೂಮಿನಲ್ಲಿ ಹತ್ತನೆಯ ದಿನದ ನೋವು ಎಷ್ಟು ಎಂದು ಅಳೆದದ್ದು ಒಂದೂ ಸಿಕ್ಕಿಲ್ಲ. ಆ ಸಿಸ್ಟರ ಕೈಗೆ ಬರುವ ಡಿಸ್ಚಾರ್ಜ್ ಚೀಟಿಯಲ್ಲಿ ಕಸಿಯ ಬಗ್ಗೆ ಅರ್ಧ ಪುಟ ಇರುತ್ತದೆ, ತೊಡೆಯ ಬಗ್ಗೆ ಒಂದು ಸಾಲು ಇದ್ದರೆ ಪುಣ್ಯ.

ದೊಡ್ಡಾಸ್ಪತ್ರೆಗಳಲ್ಲಿ ಆ ಚೀಟಿ ಬರೆಯುವ ಕಿರಿಯ ವೈದ್ಯರಲ್ಲಿ ನನ್ನ ವಿನಂತಿ ಇಷ್ಟು: ರೋಗಿಯ ತೂಕ, ತೊಡೆಗೆ ಹಾಕಿದ ಡ್ರೆಸಿಂಗ್ ಯಾವುದು, ಎಷ್ಟನೆಯ ದಿನ ಬಿಚ್ಚಬೇಕು, ಬಿಚ್ಚುವ ಮೊದಲು ಲಿಗ್ನೋಕೇನ್ ಎಷ್ಟು ಮಿ.ಲೀ. ಮೀರಬಾರದು, ಈ ನಾಲ್ಕನ್ನು ಕನ್ನಡದಲ್ಲಿ ಬರೆದು ಕಳಿಸಿ.